ತಂತಿ ಸಾಹೇಬರ ನಲವತ್ತೇಳು ಪಟ್ಟಿಗಳು

ಮಾನಸಿಕ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಉದ್ದನೆಯ ಓಣಿಯ ಕೊನೆಗೆ, ಸದಾ ತೊಟ್ಟಿಕ್ಕುವ ಒಂದು ನಲ್ಲಿಯ ಪಕ್ಕದಲ್ಲಿ ಒಂದು ಕೋಣೆ. ಒಳಗೆ ಒಂದು ಮಂಚ, ಒಂದು ಹಸಿರು ಪರದೆ, ಒಂದು ಇಸಿಜಿ ಯಂತ್ರ. ಈ ಸಾಮ್ರಾಜ್ಯದ ಏಕಮಾತ್ರ ಚಕ್ರವರ್ತಿ ತಂತಿ ಸಾಹೇಬರು. ಎದೆಗೆ ಕಚ್ಚಿಕೊಳ್ಳುವ ಆರು ರಬ್ಬರ್ ಬುರುಡೆಗಳು ಅವರ ಕಾಲಾಳುಗಳು, ಕೈಕಾಲಿಗೆ ಹಾಕುವ ನಾಲ್ಕು ಕ್ಲಿಪ್ಪುಗಳು ಅಶ್ವದಳ. ಇಪ್ಪತ್ತಾರು ವರ್ಷಗಳಿಂದ ಈ ಸೇನೆಯನ್ನು ಕಟ್ಟಿಕೊಂಡು ಅವರು ಸಾವಿರಾರು ಎದೆಗಳನ್ನು ಗೆದ್ದಿದ್ದರು. ‘ಸಾಹೇಬರು’ ಎನ್ನುವ ಬಿರುದು ಸರ್ಕಾರ ಕೊಟ್ಟದ್ದಲ್ಲ, ರೋಗಿಗಳು ಕೊಟ್ಟದ್ದು. ಸರ್ಕಾರ ಕೊಟ್ಟದ್ದು ಒಂದು ಸ್ಟೂಲು ಮಾತ್ರ, ಅದರ ಒಂದು ಕಾಲೂ ಗಿಡ್ಡ.

ತಲೆಯ ಆಸ್ಪತ್ರೆಯಲ್ಲಿ ಎದೆಯ ಯಂತ್ರಕ್ಕೇನು ಕೆಲಸ ಎಂದು ಹೊಸಬರು ಕೇಳುವುದುಂಟು. ಇಲ್ಲದ ದನಿಗಳು ಕೇಳಿಸುವವರಿಗೆ, ಗೋಡೆಯೂ ತನ್ನ ಮೇಲೆ ಸಂಚು ಮಾಡುತ್ತಿದೆ ಎಂದು ನಡುಗುವವರಿಗೆ ಕೊಡುವ ಮಾತ್ರೆಗಳಲ್ಲಿ ಕೆಲವು, ತಲೆಯನ್ನು ತಣ್ಣಗೆ ಮಾಡುತ್ತಲೇ ಎದೆಯ ಜತೆ ಕಿತಾಪತಿ ನಡೆಸುತ್ತವೆ. ಒಂದು ಬಡಿತ ಮುಗಿದ ಮೇಲೆ ಹೃದಯ ಮುಂದಿನದಕ್ಕೆ ಸಜ್ಜಾಗಲು ಹಿಡಿಯುವ ಹೊತ್ತು ಕೂದಲೆಳೆಯಷ್ಟು ಹಿಗ್ಗುತ್ತದೆ. ತೀರಾ ಹಿಗ್ಗಿದರೆ ತಾಳ ತಪ್ಪುತ್ತದೆ, ಮನುಷ್ಯ ನಿಂತಲ್ಲೇ ಕುಸಿಯಬಹುದು. ಅದಕ್ಕೆ ಮುಂಚೆ ನೋವಿಲ್ಲ, ಹೆಚ್ಚಿನ ಸುಳಿವೂ ಇಲ್ಲ. ಯಂತ್ರ ಉಗುಳುವ ಕಾಗದದ ಪಟ್ಟಿಯ ಗೆರೆಯಲ್ಲಿ ಮಾತ್ರ ಕಾಣುತ್ತದೆ. ಆದ್ದರಿಂದ ಆ ಮಾತ್ರೆ ತಿನ್ನುವವರಿಗೆ ತಿಂಗಳಿಗೊಂದು ಪಟ್ಟಿ ಕಡ್ಡಾಯ. ಪಟ್ಟಿಯಿಲ್ಲದೆ ಡಾಕ್ಟರು ಚೀಟಿ ಬರೆಯುವುದಿಲ್ಲ, ಚೀಟಿಯಿಲ್ಲದೆ ಔಷಧದ ಕಿಟಕಿ ತೆರೆಯುವುದಿಲ್ಲ.

ಸಾಹೇಬರ ಪಟ್ಟಿಗಳೆಂದರೆ ಮುತ್ತು ಪೋಣಿಸಿದ ಹಾಗೆ. ನಡುಕವಿಲ್ಲ, ಮಸಿಯಿಲ್ಲ, ಅಡ್ಡಾದಿಡ್ಡಿ ಏರಿಳಿತವಿಲ್ಲ. ಇದು ಹಳೆಯ ಕಸುಬಿನಿಂದ ಬಂದ ಚಾಳಿ. ಆಸ್ಪತ್ರೆಗೆ ಸೇರುವ ಮೊದಲು ಅವರು ಒಂದು ಫೋಟೋ ಸ್ಟುಡಿಯೋದಲ್ಲಿ ತಿದ್ದುವ ಕೆಲಸದಲ್ಲಿದ್ದರು. ಮೊಡವೆ ಅಳಿಸುವುದು, ಮೆಳ್ಳಗಣ್ಣು ನೇರ ಮಾಡುವುದು, ಬೋಳುತಲೆಗೆ ಬೇಸಾಯ ಮಾಡುವುದು. ಅವರ ಮಹಾಸಾಧನೆ ಇನ್ನೊಂದಿತ್ತು. ಮನೆಮಂದಿಯ ಗುಂಪಿನ ಫೋಟೋಕ್ಕೆ ಯಾರಾದರೂ ಚಿಕ್ಕಪ್ಪ ಬರದೆ ಕೈಕೊಟ್ಟರೆ, ಇವರೇ ಕೋಟು ಹಾಕಿಕೊಂಡು ಆ ಜಾಗದಲ್ಲಿ ನಿಂತುಬಿಡುತ್ತಿದ್ದರು. ಆಮೇಲೆ ಚಿಕ್ಕಪ್ಪನ ಹಳೆಯ ಫೋಟೋದಿಂದ ತಲೆಯೊಂದನ್ನು ಕತ್ತರಿಸಿ ಅಂಟಿಸಿದರಾಯಿತು. ಊರಿನ ಎಷ್ಟೋ ಗೋಡೆಗಳ ಮೇಲೆ ಇಂದಿಗೂ ಸಾಹೇಬರ ಮೈ ಬೇರೆಯವರ ತಲೆ ಹೊತ್ತು ನಿಂತಿದೆ. ಎಲ್ಲರಿಗೂ ಸಂತೋಷ, ಯಾರಿಗೂ ನಷ್ಟವಿಲ್ಲ. ಆ ಪಾಠವನ್ನು ಅವರು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಬೀಗದವನನ್ನು ಅವನ ಅಕ್ಕ ಮೊದಲ ಸಲ ಕರೆತಂದದ್ದು ಹನ್ನೊಂದು ತಿಂಗಳ ಹಿಂದೆ. ಬಸ್ ನಿಲ್ದಾಣದ ಎದುರು ಬೀಗ ರಿಪೇರಿ, ಕೀಲಿ ನಕಲು ಮಾಡುವ ಡಬ್ಬಿ ಅಂಗಡಿಯವನು. ವರ್ಷದಿಂದ ಅಂಗಡಿ ಮುಚ್ಚಿತ್ತು. ಊರಿನ ಬೀಗಗಳೆಲ್ಲ ರಾತ್ರಿ ತನ್ನನ್ನು ಬೈಯುತ್ತವೆ ಎಂದು ಅವನು ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದ. ಮಾತ್ರೆ ಶುರು ಮಾಡಲು ಪಟ್ಟಿ ಬೇಕು. ಅವನು ಮಂಚ ಹತ್ತಲೊಲ್ಲ.

“ತಂತಿ ಹಚ್ಚಿದ್ರೆ ಎದೆ ಬೀಗ ತೆಕ್ಕೊಂಡುಬಿಡುತ್ತೆ” ಎಂದ. “ಆಮೇಲೆ ಹಾಕೋಕೆ ಕೀಲಿ ನಿಮ್ಮತ್ರ ಇದೆಯಾ?”

ಸಾಹೇಬರ ಬಳಿ ಇರಲಿಲ್ಲ. ಮೂರು ಸೋಮವಾರ ಅಕ್ಕ ಅವನನ್ನು ಎರಡೆರಡು ಬಸ್ಸು ಬದಲಿಸಿ ಕರೆತಂದಳು, ಮೂರು ಸೋಮವಾರವೂ ಪಟ್ಟಿಯಿಲ್ಲದೆ ವಾಪಸ್ಸು. ಮೂರನೆಯ ಸಲ ಅವಳು ಓಣಿಯ ಬೆಂಚಿನ ಮೇಲೆ ಸದ್ದಿಲ್ಲದೆ ಅತ್ತಳು. ಸಾಹೇಬರಿಗೆ ಅದನ್ನು ನೋಡಲಾಗಲಿಲ್ಲ. ಪರದೆಯೊಳಗೆ ಬಂದು ಬೀಗದವನಿಗೆ ಹೇಳಿದರು: “ನೋಡಪ್ಪ, ಏನೂ ಆಗಲ್ಲ. ನಾನೇ ಮಲಗ್ತೀನಿ, ನೀನೇ ಹಚ್ಚು.”

ಅವನ ಕೈ ಬೀಗದವನ ಕೈ. ಒಂದು ಸಲ ತೋರಿಸಿದ್ದಕ್ಕೆ ಆರೂ ಬುರುಡೆ ಸರಿಯಾದ ಜಾಗದಲ್ಲಿ ಕೂತವು. ಹಸಿರು ಗುಂಡಿಯನ್ನೂ ಅವನೇ ಒತ್ತಿದ. ಯಂತ್ರ ಗುರ್ ಎಂದು ಪಟ್ಟಿ ಉಗುಳಿತು. ಎಂಥ ಸೊಗಸಾದ ಪಟ್ಟಿ! ಹರಿದು ಬಿಸಾಡಲು ಸಾಹೇಬರಿಗೆ ಮನಸ್ಸಾಗಲಿಲ್ಲ. ಹೊರಗೆ ಅಕ್ಕ ಮೂಗು ಒರೆಸಿಕೊಳ್ಳುತ್ತಿದ್ದಳು. ಬರದ ಚಿಕ್ಕಪ್ಪನ ಕೋಟು ನೆನಪಾಯಿತು. ಪೆನ್ನು ತೆಗೆದು ಪಟ್ಟಿಯ ಮೇಲೆ ಬೀಗದವನ ಹೆಸರು ಬರೆದರು.

ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಬೀಗಗಳು ಬೈಯುವುದನ್ನು ನಿಲ್ಲಿಸಿದವು. ಮೂರನೆಯ ತಿಂಗಳಲ್ಲಿ ಡಬ್ಬಿ ಅಂಗಡಿಯ ಬಾಗಿಲು ತೆರೆಯಿತು. ಅಕ್ಕ ಸಾಹೇಬರಿಗೆ ಎರಡೂ ಕೈಯೆತ್ತಿ ಮುಗಿದಳು. ಪುಣ್ಯದ ಕೆಲಸವೊಂದು ಕೈಗೂಡಿದರೆ ಅದನ್ನು ಒಬ್ಬನಿಗೇ ಮೀಸಲಿಡಲು ಸಾಹೇಬರೇನು ಜಿಪುಣರೇ? ತಂತಿಗೆ ಹೆದರುವವರು ಇನ್ನೂ ನಾಲ್ವರಿದ್ದರು: ಒಬ್ಬ ಬೆರಳಚ್ಚು ಮೇಷ್ಟ್ರು, ಒಬ್ಬ ಮಾಜಿ ಕಂಡಕ್ಟರ್, ಇಬ್ಬರು ಅಣ್ಣತಮ್ಮಂದಿರು. ತಿಂಗಳ ಮೊದಲ ಸೋಮವಾರ ಬೀಗದವನು ಬುರುಡೆ ಹಚ್ಚುವುದು, ಸಾಹೇಬರು ಮಲಗಿ ಐದು ಪಟ್ಟಿ ಕೊಡುವುದು. ಐದೂ ಒಂದೇ ವೇಗದಲ್ಲಿದ್ದರೆ ಅನುಮಾನ ಬರುತ್ತದಲ್ಲ? ಅದಕ್ಕೂ ಕಲಾವಿದರು ಉಪಾಯ ಹೂಡಿದ್ದರು. ಅಣ್ಣತಮ್ಮಂದಿರಿಗಾಗಿ ಕಣ್ಣು ಮುಚ್ಚಿ ನಿಧಾನ ಉಸಿರಾಡುವುದು, ಮೇಷ್ಟ್ರಿಗಾಗಿ ಎದ್ದು ನಾಲ್ಕು ಹೆಜ್ಜೆ ಓಡಾಡುವುದು, ಕಂಡಕ್ಟರನಿಗಾಗಿ ಹತ್ತು ಬಸ್ಕಿ. ಒಂಬತ್ತು ತಿಂಗಳಲ್ಲಿ ಕಂಡಕ್ಟರನ ಹೃದಯದಿಂದಾಗಿ ಸಾಹೇಬರ ಹೊಟ್ಟೆ ಒಂದಿಂಚು ಕರಗಿತು.

ಏಳನೆಯ ತಿಂಗಳಲ್ಲಿ ಸಾಹೇಬರ ಗೆರೆಯಲ್ಲಿ ಒಂದು ಹೊಸ ಸಂಗತಿ ಕಾಣಿಸಿತು. ಮೊದಲ ಬುರುಡೆಯ ಗೆರೆಯಲ್ಲಿ ಒಂದೇ ಮೊನೆ ಇರಬೇಕಾದಲ್ಲಿ ಎರಡು ಪುಟ್ಟ ಮೊನೆ, ಮೊಲದ ಕಿವಿಯ ಹಾಗೆ. ವಯಸ್ಸಾದವರಲ್ಲಿ ಅವರು ಅದನ್ನು ಎಷ್ಟೋ ಸಲ ನೋಡಿದ್ದರು. ಐವತ್ತು ದಾಟಿದ ಮೇಲೆ ಕಿವಿಯಲ್ಲಿ ಕೂದಲು ಮೂಡುತ್ತದೆ, ಹೃದಯದಲ್ಲಿ ಕಿವಿ ಮೂಡಿದರೇನು ಎಂದು ಸುಮ್ಮನಾದರು.

ಎಂಟನೆಯ ತಿಂಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಸಾಹೇಬರು ಆಗ ಅದನ್ನು ಸಂಗತಿ ಎಂದೇ ತಿಳಿಯಲಿಲ್ಲ. ಅಕ್ಕ ಪರದೆಯ ಹತ್ತಿರ ಬಂದು, “ಸಾರ್, ಇವನಿಗೆ ಅಂಗಡೀಲಿ ಎರಡು ಸಲ ಕಣ್ಣು ಕತ್ತಲೆ ಬಂದಂಗಾಯ್ತಂತೆ. ಸ್ಟೂಲ್ ಹಿಡ್ಕೊಂಡು ನಿಂತ್ಕೊಂಡನಂತೆ. ಡಾಕ್ಟ್ರಿಗೆ ಹೇಳ್ಬೇಕಾ?” ಎಂದು ಕೇಳಿದಳು.

ಸಾಹೇಬರು ಕೈಯಲ್ಲಿದ್ದ ಪಟ್ಟಿಯನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಗಂಭೀರವಾಗಿ ನೋಡಿದರು. “ಗೆರೆ ಬಂಗಾರದ ಹಾಗಿದೆಯಮ್ಮಾ. ಹೊಟ್ಟೆ ತುಂಬ ಊಟ ಹಾಕಿ, ಸಾಕು.”

“ಅಬ್ಬ, ನೀವು ಹೇಳಿದ್ರೆ ಮುಗೀತು” ಎಂದು ಅವಳು ಹೋದಳು.

ಆ ಕ್ಷಣದಲ್ಲಿ ಸಾಹೇಬರಿಗೆ ಅದು ಯಾರ ಗೆರೆ ಎನ್ನುವುದು ನಿಜಕ್ಕೂ ಮರೆತೇಹೋಗಿತ್ತು.

ಹನ್ನೊಂದನೆಯ ತಿಂಗಳಿಗೆ ಹೊಸ ಡಾಕ್ಟರಮ್ಮ ಬಂದರು. ವಯಸ್ಸು ಚಿಕ್ಕದು, ಕಣ್ಣು ಹದ್ದಿನದು. ಜೇಬಿನಲ್ಲಿ ಎರಡು ಮೊನೆಯ ಕೈವಾರ ಇಟ್ಟುಕೊಂಡು, ಯಂತ್ರ ಹೇಳಿದ ಅಳತೆಯನ್ನು ನಂಬದೆ ಪಟ್ಟಿಯ ಮೇಲೆ ತಾವೇ ಅಳೆಯುವವರು. ಒಂದು ಶನಿವಾರ ಮಧ್ಯಾಹ್ನ ಸಾಹೇಬರನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ತುಂಬ ಪಟ್ಟಿಗಳು ಹರಡಿದ್ದವು.

“ಬನ್ನಿ ಸಾಹೇಬ್ರೇ, ಕೂತ್ಕೊಳ್ಳಿ. ಒಂದು ದೊಡ್ಡ ವಿಷಯ ಸಿಕ್ಕಿದೆ!” ಡಾಕ್ಟರಮ್ಮನ ಮುಖ ಹೊಳೆಯುತ್ತಿತ್ತು. “ಈ ಐದು ಜನರನ್ನ ನೋಡಿ. ಮೊದಲು ಎಲ್ಲ ಸರಿ ಇತ್ತು. ಐದು ತಿಂಗಳ ಹಿಂದೆ ಐದೂ ಜನಕ್ಕೆ ಒಟ್ಟಿಗೇ ಮೊಲದ ಕಿವಿ ಮೂಡಿದೆ! ಬಲಗಡೆಗೆ ವಿದ್ಯುತ್ತು ತಡವಾಗಿ ತಲುಪ್ತಿದೆ. ಐದೂ ಜನ ತಿನ್ನೋದು ಒಂದೇ ಮಾತ್ರೆ. ಆ ತಿಂಗಳೇ ಮಾತ್ರೆಯ ಹೊಸ ಸರಕು ಬಂದಿದೆ, ದಾಖಲೆ ನೋಡಿದೆ.”

ಸಾಹೇಬರು ಕನ್ನಡಕ ಏರಿಸಿ ಬಗ್ಗಿದರು. ಮೇಜಿನ ಮೇಲೆ ಐದು ಸಾಲುಗಳಲ್ಲಿ ಅವರೇ ಮಲಗಿದ್ದರು. ಬಸ್ಕಿ ಹೊಡೆದವರು, ಓಡಾಡಿದವರು, ಕಣ್ಣು ಮುಚ್ಚಿದವರು.

“ಯಂತ್ರ ಹಳೇದು ಮೇಡಂ” ಎಂದರು ಮೆಲ್ಲಗೆ. “ಅದರದ್ದೇ ಏನಾದ್ರೂ...”

“ಹಾಗಿದ್ರೆ ಬೇರೆ ರೋಗಿಗಳಿಗೂ ಬರಬೇಕಿತ್ತಲ್ಲ? ಇಲ್ಲ, ಇಲ್ಲ. ಯಂತ್ರ ಅಲ್ಲ, ಮಾತ್ರೆಯೇ. ಸೋಮವಾರ ಐದೂ ಜನಕ್ಕೆ ನಿಲ್ಲಿಸಿಬಿಡೋಣ. ಆಮೇಲೆ ಇದನ್ನ ಎಲ್ಲಾ ಆಸ್ಪತ್ರೆಗಳಿಗೂ ತಿಳಿಸ್ಬೇಕು.” ಡಾಕ್ಟರಮ್ಮ ಎದ್ದು ಬಂದು ಅವರ ಕೈ ಕುಲುಕಿದರು. “ನಿಮ್ಮ ಪಟ್ಟಿಗಳು ಇಷ್ಟು ಸ್ವಚ್ಛವಾಗಿಲ್ಲದಿದ್ರೆ ನನಗೆ ಕಾಣ್ತಾನೇ ಇರ್ಲಿಲ್ಲ. ವರದಿಯಲ್ಲಿ ನಿಮ್ಮ ಹೆಸರೂ ಹಾಕ್ತೀನಿ.”

ಕುಲುಕಿಸಿಕೊಂಡ ಕೈಯನ್ನು ಸಾಹೇಬರು ಓಣಿಯ ನಲ್ಲಿಯ ಕೆಳಗೆ ಬಹಳ ಹೊತ್ತು ಹಿಡಿದರು. ನಲ್ಲಿ ಎಂದಿನಂತೆ ತೊಟ್ಟಿಕ್ಕುತ್ತಿತ್ತು. ಅದು ಮಾತ್ರ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿತ್ತು.

ಮನೆಯಲ್ಲಿ ಹೆಂಡತಿ ತಟ್ಟೆ ಇಟ್ಟು ನೋಡಿದಳು. ಚಕ್ರವರ್ತಿ ತುತ್ತು ಮುಟ್ಟಲಿಲ್ಲ.

“ಏನ್ರೀ, ಮುಖ ಯಾಕೆ ಒದ್ದೆ ಬಟ್ಟೆ ತರ ಜೋತುಬಿದ್ದಿದೆ?”

ಹೇಳಬಾರದೆಂದುಕೊಂಡದ್ದನ್ನೆಲ್ಲ ಸಾಹೇಬರು ಹೇಳಿಬಿಟ್ಟರು. ಮಂಚ, ಬುರುಡೆ, ಬಸ್ಕಿ, ಕಿವಿ, ಸೋಮವಾರ. ಹೆಂಡತಿ ಕೇಳುತ್ತಾ ಕೇಳುತ್ತಾ ಕುಕ್ಕರುಗಾಲಿನಲ್ಲಿ ಕೂತಳು.

“ಇಪ್ಪತ್ತೆಂಟು ವರ್ಷದಿಂದ ನನಗೇ ಸರಿಯಾಗಿ ಸಿಗದ ಹೃದಯಾನ ಐದು ಜನಕ್ಕೆ ಹಂಚಿಬಿಟ್ರಾ? ಭಲೇ!”

“ತಮಾಷೆ ಮಾಡ್ಬೇಡ ಮಾರಾಯ್ತಿ. ಆ ಮಾತ್ರೆ ನಿಂತ್ರೆ ಅವನು ಮತ್ತೆ ಕಿವಿಗೆ ಹತ್ತಿ ತುರುಕ್ಕೋತಾನೆ. ಅಂಗಡಿ ಮುಚ್ಚುತ್ತೆ. ಅವನಿಗೆ ಏನೂ ಆಗಿಲ್ಲ, ಕಿವಿ ಮೂಡಿರೋದು ನನಗೆ!”

ಹೆಂಡತಿಯ ನಗು ಅಲ್ಲೇ ನಿಂತಿತು. “ಅವನಿಗೆ ಏನೂ ಆಗಿಲ್ಲ ಅಂತ ನಿಮಗೆ ಹೇಗೆ ಗೊತ್ತು?”

“ಪಟ್ಟಿ...” ಎಂದು ಶುರು ಮಾಡಿದರು ಸಾಹೇಬರು.

ಎಂಟನೆಯ ತಿಂಗಳು ನೆನಪಾಯಿತು. ಕಣ್ಣು ಕತ್ತಲೆ. ಸ್ಟೂಲು. ಗೆರೆ ಬಂಗಾರದ ಹಾಗಿದೆಯಮ್ಮಾ. ನೀವು ಹೇಳಿದ್ರೆ ಮುಗೀತು. ಅವರ ಕಿವಿ, ಎದೆಯೊಳಗಿನದಲ್ಲ, ತಲೆಯ ಪಕ್ಕದ್ದು, ಕಾದ ಹೆಂಚಿನ ಹಾಗಾಯಿತು. ಹನ್ನೊಂದು ತಿಂಗಳಲ್ಲಿ ಬೀಗದವನ ಎದೆಯನ್ನು ಯಾರೂ, ಒಂದೇ ಒಂದು ಸಲವೂ, ನೋಡಿರಲಿಲ್ಲ. ಅಕ್ಕ ಒಬ್ಬಳೇ ಏನೋ ಕಂಡಿದ್ದಳು. ಅವಳ ಬಾಯಿಯನ್ನು ಇವರು ಕನ್ನಡಕ ಏರಿಸಿ ಮುಚ್ಚಿಸಿದ್ದರು.

ಭಾನುವಾರವೆಲ್ಲ ಸಾಹೇಬರು ತಪ್ಪೊಪ್ಪಿಗೆಯ ಭಾಷಣ ತಯಾರಿಸಿದರು. ಮೊದಲ ಕರಡಿನಲ್ಲಿ ‘ಕರುಣೆ’ ಎಂಬ ಮಾತು ಎಂಟು ಕಡೆ ಬಂದಿತ್ತು. ಹೆಂಡತಿ ಓದಿ, “ಇದೇನು, ನಿಮಗೆ ಸನ್ಮಾನ ಮಾಡ್ಬೇಕಾ?” ಎಂದು ಕೇಳಿದಳು. ಎಂಟನ್ನೂ ಹೊಡೆದುಹಾಕಿದಾಗ ಕಾಗದದಲ್ಲಿ ಉಳಿದದ್ದು ‘ಮೇಡಂ’ ಎಂಬುದೊಂದೇ.

ಸೋಮವಾರ ಬೆಂಚಿನ ಮೇಲೆ ಅಕ್ಕ, ತಮ್ಮ ಆಗಲೇ ಕೂತಿದ್ದರು. ಮಾತ್ರೆ ನಿಲ್ಲುವ ಸುದ್ದಿ ನರ್ಸಮ್ಮನ ಬಾಯಿಂದ ಅವರಿಗೆ ಮುಟ್ಟಿತ್ತು. ಅಕ್ಕನ ಮುಖ ಬಿಳುಚಿತ್ತು. “ಸಾರ್, ನೀವೊಂದು ಮಾತು ಹೇಳಿ ಅವರಿಗೆ. ಇವನ ಗೆರೆ ಬಂಗಾರ ಅಂದಿದ್ರಲ್ಲ!”

ಸಾಹೇಬರು ನೇರ ಡಾಕ್ಟರಮ್ಮನ ಕೋಣೆಗೆ ಹೋಗಿ, “ಮೇಡಂ, ಒಂದು ನಿಮಿಷ ನನ್ನ ಕೋಣೆಗೆ ಬರ್ತೀರಾ?” ಎಂದರು. ಬಂದಾಗ ಭಾಷಣದ ಮೊದಲ ಪದ ಹೇಳಿದರು. “ಮೇಡಂ.” ಎರಡನೆಯ ಪದ ಇರಲಿಲ್ಲ. ಆದ್ದರಿಂದ ಅಂಗಿ ಬಿಚ್ಚಿದರು. ಬನಿಯನ್ನಿನಲ್ಲಿ ಹೊಕ್ಕುಳಿಗೆ ಸರಿಯಾಗಿ ಒಂದು ತೂತಿತ್ತು. ಅದನ್ನೂ ಕಳಚಿ ಮಂಚದ ಮೇಲೆ ಅಂಗಾತ ಮಲಗಿದರು.

ಡಾಕ್ಟರಮ್ಮ ಗಾಬರಿಯಾದರು. “ಅಯ್ಯೋ, ಎದೆನೋವಾ? ಎಷ್ಟು ಹೊತ್ತಿಂದ?”

“ನೋವಲ್ಲ ಮೇಡಂ. ನಾಚಿಕೆ.”

ಅಷ್ಟರಲ್ಲಿ ಪರದೆ ಸರಿಯಿತು. ತಿಂಗಳ ಮೊದಲ ಸೋಮವಾರವಲ್ಲವೇ, ಬೀಗದವನು ಎಂದಿನ ಅಭ್ಯಾಸಕ್ಕೆ ಒಳಗೆ ಬಂದ. ಸಾಹೇಬರು ಮಲಗಿರುವುದನ್ನು ಕಂಡು, ಅಂಗೈಗೆ ಜೆಲ್ಲು ಹಾಕಿಕೊಂಡು ಬುರುಡೆಗಳನ್ನು ಒಂದೊಂದಾಗಿ ಕಚ್ಚಿಸತೊಡಗಿದ. ಡಾಕ್ಟರಮ್ಮ ಅಡ್ಡ ನಿಂತದ್ದನ್ನು ನೋಡಿ, “ಸ್ವಲ್ಪ ಸರೀರಿ ಡಾಕ್ಟ್ರೇ, ನಾಲ್ಕನೇದು ಇಲ್ಲಿ ಬರ್ಬೇಕು” ಎಂದ. ಕ್ಲಿಪ್ಪು ಹಾಕಿದ. “ಅಲುಗಾಡ್ಬೇಡಿ ತಂತಿ ಸಾರ್” ಎಂದು ಹಸಿರು ಗುಂಡಿ ಒತ್ತಿದ. ಪಟ್ಟಿ ಬಂತು. ಅದನ್ನು ನೀಟಾಗಿ ಹರಿದು, “ಇವತ್ತು ಬಸ್ಕಿ ಬೇಡ್ವಾ?” ಎಂದು ಕೇಳಿದ.

ಡಾಕ್ಟರಮ್ಮ ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಎರಡು ಪುಟ್ಟ ಕಿವಿಗಳು. ಜೇಬಿನಿಂದ ಕೈವಾರ ತೆಗೆಯಲೂ ಇಲ್ಲ. ಶನಿವಾರ ಹೊಳೆದಿದ್ದ ಮುಖ ನಿಧಾನವಾಗಿ ಕಪ್ಪಿಟ್ಟಿತು.

“ಎಷ್ಟು?” ಎಂದರು.

“ನಲವತ್ತೇಳು ಮೇಡಂ. ಇದು ನಲವತ್ತೆಂಟು.”

“ಐದೂ ಜನದ್ದಾ?”

“ಐದೂ ಜನದ್ದು. ಹೆದರ್ಕೋತಿದ್ರು ಮೇಡಂ, ಮಲಗ್ತಿರ್ಲಿಲ್ಲ. ಮಾತ್ರೆ ತಪ್ಪಬಾರ್ದು ಅಂತ...” ಹೊಡೆದುಹಾಕಿದ ಎಂಟು ಕರುಣೆಗಳಲ್ಲಿ ಒಂದು ನಾಲಗೆ ತುದಿಗೆ ಬಂತು. ಸಾಹೇಬರು ಅದನ್ನು ನುಂಗಿದರು. “ಇವನು ಈಗಲೂ ಹೆದರ್ಕೋತಾನೆ. ಬೇಕಾದ್ರೆ ಕೇಳಿ.”

ಡಾಕ್ಟರಮ್ಮ ಬೀಗದವನ ಕಡೆ ತಿರುಗಿದರು. “ನೀವು ಮಲಗ್ತೀರಾ?”

“ಅದಕ್ಕೇನು, ಮಲಗ್ತೀನಿ” ಎಂದ ಅವನು. ಆಗಲೇ ಅಂಗಿಯ ಗುಂಡಿ ಬಿಚ್ಚುತ್ತಿದ್ದ. “ಮೊದಲನೇ ಸಲ ಹೆದರಿಕೆ ಇದ್ದಿದ್ದು ನಿಜ. ಇವರಿಗೆ ಹಚ್ಚಿ ಹಚ್ಚಿ ಅದು ಯಾವತ್ತೋ ಹೋಯ್ತು. ಆದ್ರೆ ಇವರು ಆಮೇಲೆ ನನ್ನ ಕೇಳ್ಲೇ ಇಲ್ಲ. ಒಳಗೆ ಬಂದ ಕೂಡಲೇ ತಾವೇ ಮಲಗಿಬಿಡೋರು. ಪಾಪ, ಇವರಿಗೇ ಏನೋ ದೊಡ್ಡ ಕಾಯಿಲೆ ಇರ್ಬೇಕು, ನಾಚಿಕೆಗೆ ಯಾರಿಗೂ ಹೇಳ್ತಿಲ್ಲ ಅಂದ್ಕೊಂಡು ನಾನೂ ಸುಮ್ಮನೆ ಗುಂಡಿ ಒತ್ಕೊಂಡಿದ್ದೆ. ನಮ್ಮಕ್ಕಂಗೂ ಹೇಳಿಲ್ಲ.”

ಸಾಹೇಬರು ಮಂಚದ ಮೇಲೆ ಬರಿಮೈಯಲ್ಲಿ, ಎದೆಯ ತುಂಬ ಬುರುಡೆ ಕಚ್ಚಿಸಿಕೊಂಡು, ಚಾವಣಿ ನೋಡುತ್ತಾ ಇದನ್ನು ಕೇಳಿದರು. ಹನ್ನೊಂದು ತಿಂಗಳು ತಾವು ಅವನ ಮಾನ ಕಾಯುತ್ತಿದ್ದೇವೆಂದು ತಿಳಿದಿದ್ದರು. ಕಾದವನು ಅವನು.

ಜಾಗ ಬದಲಾಯಿತು. ಬೀಗದವನು ಮಲಗಿದ. ಸಾಹೇಬರು ಬುರುಡೆ ಹಚ್ಚಿದರು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ಬುರುಡೆಯ ಜಾಗ ತಪ್ಪಿತು. “ನಾಲ್ಕನೇದು ಸ್ವಲ್ಪ ಕೆಳಗಾಯ್ತು ಸಾರ್” ಎಂದು ರೋಗಿ ತಿದ್ದಿದ. ಪಟ್ಟಿ ಹೊರಬಂತು. ಕಿವಿಗಳಿಲ್ಲ. ಆದರೆ ಸಾಹೇಬರ ಕಣ್ಣಿಗೆ ಕೈವಾರ ಬೇಕಿರಲಿಲ್ಲ. ಬಡಿತದ ಮೊನೆ ಮುಗಿದ ಮೇಲೆ ಗೆರೆಯಲ್ಲಿ ಏಳುವ ಪುಟ್ಟ ಗುಡ್ಡ ಬರಬೇಕಾದಲ್ಲಿ ಬಂದಿರಲಿಲ್ಲ. ಆಚೆ, ಇನ್ನೂ ಆಚೆ, ಬಾಲದ ಹಾಗೆ ಎಳೆದುಕೊಂಡು ಹೋಗಿತ್ತು.

ಡಾಕ್ಟರಮ್ಮ ಮೂರು ಸಲ ಅಳೆದರು. “ನಾನೂರ ತೊಂಬತ್ತು” ಎಂದರು. ಹೃದಯ ಸಜ್ಜಾಗುವ ಆ ಹೊತ್ತು, ಸೆಕೆಂಡಿನ ಸಾವಿರದೊಂದು ಪಾಲಿನ ಲೆಕ್ಕದಲ್ಲಿ, ನಾನೂರ ಐವತ್ತರೊಳಗೆ ಇರಬೇಕಾದದ್ದು. ಐನೂರು ದಾಟಿದರೆ ಯಾವ ಗಳಿಗೆಯಲ್ಲಿ ಏನಾಗುವುದೋ ಹೇಳಲಾಗದು. ಇಂಥ ಪಟ್ಟಿ ಹಿಡಿಯುವುದಕ್ಕೇ ಈ ಕೋಣೆ, ಈ ಮಂಚ, ಈ ಗಿಡ್ಡ ಕಾಲಿನ ಸ್ಟೂಲು ಇದ್ದದ್ದು.

“ಯಾವಾಗ್ಲಾದ್ರೂ ತಲೆ ಸುತ್ತು, ಕಣ್ಣು ಕತ್ತಲೆ ಬಂದಿತ್ತಾ?”

ಪರದೆಯ ಆಚೆಯಿಂದ ಅಕ್ಕ ಹೇಳಿದಳು: “ಬಂದಿತ್ತು ಡಾಕ್ಟ್ರೇ. ಮೂರ್ನಾಲ್ಕು ತಿಂಗಳಾಯ್ತು. ಈ ಸಾರ್‌ಗೆ ಹೇಳಿದ್ದೆ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ದೂರುವ ದನಿಯೂ ಅಲ್ಲ. ಕೇಳಿದ್ದಕ್ಕೆ ನಿಜ ಹೇಳಿದಳು, ಅಷ್ಟೇ. ಸಾಹೇಬರು ಬನಿಯನ್ನು ಹುಡುಕುವ ನೆಪದಲ್ಲಿ ಮಂಚದ ಕೆಳಗೆ ಬಗ್ಗಿದರು, ಸ್ವಲ್ಪ ಹೊತ್ತು ಅಲ್ಲೇ ಇದ್ದರು.

ಮಾತ್ರೆ ಪೂರ್ತಿ ನಿಲ್ಲಲಿಲ್ಲ. ರಕ್ತ ಪರೀಕ್ಷೆಯಲ್ಲಿ ಒಂದು ಲವಣ ಕಡಿಮೆ ಕಂಡಿತು, ಅದನ್ನು ತುಂಬಿಸಿದರು. ಮಾತ್ರೆಯನ್ನು ಅರ್ಧಕ್ಕಿಳಿಸಿ, ಜತೆಗೆ ಎದೆಗೆ ಅಷ್ಟು ತೊಂದರೆ ಕೊಡದ ಇನ್ನೊಂದನ್ನು ನಿಧಾನವಾಗಿ ಶುರು ಮಾಡಿದರು. ವಾರಕ್ಕೊಂದು ಪಟ್ಟಿ. ನಾನೂರ ಎಪ್ಪತ್ತು, ನಾನೂರ ಐವತ್ತೈದು, ನಾನೂರ ನಲವತ್ತು. ಬೀಗಗಳು ಬೈಯಲಿಲ್ಲ. ಉಳಿದ ನಾಲ್ವರಲ್ಲಿ ಮೂವರು ಬೀಗದವನ ಮಾತು ಕೇಳಿ ಮಲಗಿದರು, ಅವರ ಗೆರೆಗಳು ಸರಿಯಿದ್ದವು. ಕಂಡಕ್ಟರ್ ಮಾತ್ರ ಒಪ್ಪಲಿಲ್ಲ. ಅವನ ಹಾಳೆಯಲ್ಲಿ ಸಾಹೇಬರು ‘ಮಲಗಲಿಲ್ಲ’ ಎಂದು ಬರೆದರು. ಇಷ್ಟು ಸುಲಭದ ಒಂದು ಪದ ಇಷ್ಟು ದಿನ ತಮಗೆ ಏಕೆ ಹೊಳೆಯಲಿಲ್ಲವೆಂದು ಪೆನ್ನನ್ನು ನೋಡಿಕೊಂಡರು. ಆ ಪದ ನೋಡಿದ ಡಾಕ್ಟರಮ್ಮ ಕಂಡಕ್ಟರನನ್ನು ಕರೆದು, ಮುಕ್ಕಾಲು ಗಂಟೆ ಕೂತು ಮಾತಾಡಿ, ಪಟ್ಟಿ ಬೇಡದ ಬೇರೆ ಮಾತ್ರೆ ಹುಡುಕಿ ಕೊಟ್ಟರು.

ಸಾಹೇಬರ ಬಡ್ತಿ ಎರಡು ವರ್ಷ ನಿಂತಿತು. ವರದಿ ಯಾವ ಆಸ್ಪತ್ರೆಗೂ ಹೋಗಲಿಲ್ಲ. ಡಾಕ್ಟರಮ್ಮ ತಮ್ಮ ಕಡೆಯಿಂದ ಒಂದೇ ಶಿಕ್ಷೆ ಕೊಟ್ಟರು: ನಲವತ್ತೆಂಟು ಪಟ್ಟಿಗಳನ್ನೂ ಮುಂದಿಟ್ಟುಕೊಂಡು, ತಪ್ಪು ಹೆಸರು ಹೊಡೆದು, ಒಂದೊಂದರ ಮೇಲೂ ನಿಜವಾದ ಹೆಸರು ಬರೆಯಬೇಕು. ಸಾಹೇಬರು ಒಂದು ಇಡೀ ಮಧ್ಯಾಹ್ನ ಕೂತು ತಮ್ಮ ಹೆಸರನ್ನು ನಲವತ್ತೆಂಟು ಸಲ ಬರೆದರು. ಒಂದೊಂದು ಪಟ್ಟಿಯೂ ಅಷ್ಟೇ ಸೊಗಸಾಗಿತ್ತು.

ಹೊಸ ಫೈಲಿಗೆ ಎಲ್ಲವನ್ನೂ ಪೋಣಿಸಿ ದಾಖಲೆ ಕೋಣೆಗೆ ಹೊತ್ತೊಯ್ದರು. ಗುಮಾಸ್ತ ಅದನ್ನು ಕೈಯಲ್ಲಿ ತೂಗಿ ನೋಡಿದ. ಇಡೀ ಆಸ್ಪತ್ರೆಯಲ್ಲಿ ಅದರಷ್ಟು ದಪ್ಪದ ಹೃದಯದ ಫೈಲು ಇನ್ನೊಂದಿರಲಿಲ್ಲ.

“ಅಯ್ಯಯ್ಯೋ ಸಾಹೇಬ್ರೇ, ಇಷ್ಟೊಂದು ಸಲ ತೋರಿಸ್ಕೊಂಡಿದ್ದೀರಾ? ಏನು ಕಾಯಿಲೆ?”

ಸಾಹೇಬರ ಕಿವಿಗಳು ಮತ್ತೆ ಕಾದವು. “ನನಗೇನಿಲ್ಲ” ಎಂದು ಹೇಳಹೊರಟವರು, ಅರ್ಧಕ್ಕೆ ನಿಲ್ಲಿಸಿ, ಹಿಂದಿದ್ದ ಸ್ಟೂಲಿನ ಮೇಲೆ ಕೂತರು.

“ಕೂತ್ಕೋಪ್ಪ, ಹೇಳ್ತೀನಿ” ಎಂದರು.